ಅವ್ವನ ಸೀರೆಯ ಮೇಲಿನ ಪರಾಗ

ಬೊರಿವಲಿಯ ನಮ್ಮ ಕಾಲೇಜಿನ ಹಿಂದೆ ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಒಂದು ತುಂಡು ಹೊಲವಿದೆ. ನಾನು ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ, ಉಳಿದ ಹೊತ್ತೆಲ್ಲ ಪರಾಗದ ಬೆನ್ನು ಹತ್ತಿರುತ್ತೇನೆ. ಗಿಡದ ತುದಿಯ ಗಂಡುಹೂವನ್ನು ಅಲುಗಿಸಿದರೆ ಹಳದಿ ಹುಡಿ ಉದುರುತ್ತದೆ. ಅದನ್ನು ಹಿಡಿಯಲು ಬುಡದಲ್ಲಿ ಪ್ಲಾಸ್ಟಿಕ್ ಹಾಸಿದರೆ ಹುಡಿ ಗಾಳಿಗೆ ಜಾರಿಹೋಗುತ್ತದೆಂದು, ಸಯನ್ನಿನ ನಮ್ಮ ಫ್ಲ್ಯಾಟಿನಿಂದ ಅವ್ವನ ಹಳೆಯ ಇಳಕಲ್ ಸೀರೆಯೊಂದನ್ನು ಒಯ್ದೆ.

"ನಾ ಅಂತೂ ಸಾಲಿ ಕಟ್ಟಿ ಹತ್ತಲಿಲ್ಲ. ನನ್ನ ಸೀರಿ ಕಾಲೇಜಿಗಿ ಹೊಂಟದ ನೋಡು," ಎಂದು ಅವ್ವ ನಕ್ಕಿದ್ದಳು.

ಆಗಾಗ ಸೀರೆಯನ್ನು ಒಗೆಯಲು ಮನೆಗೆ ತರುತ್ತಿದ್ದೆ. ಮಶೀನಿಗೆ ಹಾಕಿದರೆ ನೂಲು ಹರಿಯುತ್ತದೆಂದು ಅವ್ವ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಫ್ಲ್ಯಾಟಿನ ಹೊರಚಾಚಿದ ಗ್ಯಾಲರಿಯಲ್ಲಿ ನಿಂತು ಪಟಪಟ ಝಾಡಿಸಿ, ಆಮೇಲೆ ಬಕೆಟಿನಲ್ಲಿ ನೆನೆಹಾಕುತ್ತಿದ್ದಳು. ನಾನು ಲೋಕಲ್ ರೈಲಿನಲ್ಲಿ ನಿಂತು ಬಂದ ಸುಸ್ತಿನಲ್ಲಿ ಚಹಾ ಕುಡಿಯುತ್ತ ನೋಡುತ್ತಿದ್ದೆ.

ಈ ಸಲ ದೀಪಾವಳಿ ಹೊತ್ತಿಗೆ ಅವ್ವನಿಗೆ ಉಬ್ಬಸ ಶುರುವಾಯಿತು. ಎಲ್ಲ ಬಲ್ಲೆ ಎಂಬ ಸೊಕ್ಕು ನನಗೆ. ಡಾಕ್ಟರರ ಬಳಿ ಹೋಗುವ ಮೊದಲೇ ತೀರ್ಪು ಕೊಟ್ಟೆ.

"ರೊಟ್ಟಿ ಬಡಿಯೂದು ಬಂದ್ ಮಾಡು ಅವ್ವಾ. ದಿನಾ ಹಿಟ್ಟಿನ ಧೂಳು ಮೂಗಿಗೆ ಹೋದ್ರ ಇನ್ನೇನಾಗ್ತದ?"

ರೊಟ್ಟಿಯ ಮಣೆ ಲಾಫ್ಟ್ ಸೇರಿತು. ಕೆಳಗಿನ ಪೋಳಿ-ಭಾಜಿ ಅಂಗಡಿಯಿಂದ ಚಪಾತಿ ಬರತೊಡಗಿತು. ಅವ್ವ ಅಡುಗೆಮನೆಯ ಬಾಗಿಲ ಬಳಿ ಕೂತು, ಕೆಲಸವಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಉಬ್ಬಸ ಮಾತ್ರ ನಿಲ್ಲಲಿಲ್ಲ, ಸೀರೆ ಒಗೆಯುವುದೂ ನಿಲ್ಲಲಿಲ್ಲ.

ಮೊನ್ನೆ ತರಗತಿಯಲ್ಲಿ ಪರಾಗದ ಪಾಠ ನಡೆದಿತ್ತು. ಪರಾಗದ ಕಣ ತೆನೆಯ ರೇಷ್ಮೆಯಂಥ ಎಳೆಯ ಮೇಲೆ ಬಿದ್ದು, ಸಣ್ಣ ಕೊಳವೆ ಬಿಟ್ಟು ಒಳಗಿಳಿಯಬೇಕು. ಆ ಎಳೆಯ ಜೀವಕೋಶಗಳ ಗೋಡೆಗಳೋ ಬಲು ಬಿಗಿ. ಪರಾಗ ತನ್ನ ಜೊತೆ ತಂದ ಒಂದು ಪ್ರೋಟೀನ್ ಆ ಗೋಡೆಯನ್ನು ಕತ್ತರಿಸದೆ, ಬಿಗಿದ ಲಾಡಿಯನ್ನು ಸಡಿಲಿಸಿದ ಹಾಗೆ ಸಡಿಲಿಸಿ ದಾರಿ ಮಾಡಿಕೊಡುತ್ತದೆ. ಕಾಳು ಕಟ್ಟುವುದು ಆಮೇಲೆ. ಪ್ರತಿ ವರ್ಷ ಹೇಳುವ ಮುಂದಿನ ಮಾತೂ ತಾನಾಗಿ ಬಾಯಿಗೆ ಬಂತು: ಇದೇ ಪ್ರೋಟೀನ್ ಮೂಗಿಗೆ ಹೋದರೆ ಕೆಲವರಿಗೆ ಉಬ್ಬಸ ಬರುತ್ತದೆ.

ಗ್ಯಾಲರಿಯಲ್ಲಿ ಸೀರೆ ಝಾಡಿಸುವ ಅವ್ವ ಕಣ್ಣ ಮುಂದೆ ಬಂದಳು. ಇಷ್ಟು ವರ್ಷ ಗಿಣಿಯ ಹಾಗೆ ಒಪ್ಪಿಸಿದ ಮಾತು ನನ್ನ ಮನೆಗೇ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅವ್ವನನ್ನು ಡಾಕ್ಟರರ ಬಳಿ ಕರೆದೊಯ್ದೆ. ಅವರು ತೋಳಿನ ಚರ್ಮದ ಮೇಲೆ ಪರೀಕ್ಷೆ ಮಾಡಿದರು. ಗೋವಿನಜೋಳದ ಪರಾಗ ತಾಗಿದಲ್ಲಿ ಕೆಂಪಗೆ ದದ್ದು ಎದ್ದಿತು. ರೊಟ್ಟಿಯ ಜೋಳದ ಹಿಟ್ಟು ತಾಗಿದಲ್ಲಿ ಏನೂ ಆಗಲಿಲ್ಲ.

ಮನೆಗೆ ಬಂದು ಎಲ್ಲ ಹೇಳಿದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವ್ವ ಕೇಳಿದ್ದು ಇಷ್ಟೇ:

"ಹಂಗಾರ ನನ್ನ ರೊಟ್ಟಿದೇನೂ ತಪ್ಪಿಲ್ಲಲ್ಲ?"

"ಇಲ್ಲ ಅವ್ವಾ. ತಪ್ಪು ನಂದು."

"ಅದನ್ನ ತಿನಿಸಿ ನಿನ್ನ ಬೆಳೆಸೀನಿ. ನಿನಗೂ ಏನರ ಮಾಡಿಟ್ಟೀನೇನೋ ಅಂತ ಅಂಜಿದ್ದೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉಸಿರಿಗೆ ಒದ್ದಾಡುತ್ತ ಕೂತವಳು ಅಷ್ಟೂ ದಿನ ಹೆದರಿದ್ದು ನನಗಾಗಿ. ನನಗೆ ಅವಳ ಮುಖ ನೋಡಲಾಗಲಿಲ್ಲ. ಸ್ಟೂಲ್ ಹತ್ತಿ ಲಾಫ್ಟಿನಿಂದ ಮಣೆ ಇಳಿಸಿ ಒರೆಸಿಕೊಟ್ಟೆ.

ಮರುದಿನ ಬೆಳಿಗ್ಗೆ ಹೊರಡುವಾಗ ನನ್ನ ಬ್ಯಾಗಿನ ಮೇಲೆ ಇನ್ನೊಂದು ಸೀರೆ ಮಡಿಚಿಟ್ಟಿತ್ತು.

"ಇದು ಗಟ್ಟಿ ಅದ. ಒಗ್ಯಾಕ ಮನಿಗಿ ತರಬ್ಯಾಡ, ಅಲ್ಲೇ ಇಡು," ಎಂದು ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು.

ಆ ಸೀರೆ ಇನ್ನೂ ಬ್ಯಾಗಿನಲ್ಲೇ ಇದೆ. ಹೊಲದಲ್ಲಿ ಹಾಸಲು ನನಗೆ ಕೈ ಬರುತ್ತಿಲ್ಲ.