ಭೀಮವ್ವನ ಮೊದಲ ಮೊಳ

ಮೆಟ್ರೊ ರೈಲು ಕೆ.ಆರ್. ಪುರವನ್ನು ಮುಟ್ಟಿದ ಮರುವರ್ಷದ ಮಾತು. ಶಿವಾಜಿನಗರದ ಒಂದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ, ಅಂದರೆ ಮಾತಿನ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುವವಳಾಗಿ, ಅದು ನನ್ನ ಇಪ್ಪತ್ತಾರನೆಯ ವರ್ಷ. ಅಷ್ಟು ಕಾಲ ಒಂದೇ ಕೆಲಸ ಮಾಡಿದವರಿಗೆ ಸ್ವಲ್ಪ ಜಂಬ ಬಂದುಬಿಡುತ್ತದೆ. ನನಗೂ ಬಂದಿತ್ತು. ರೋಗಿ ಕೋಣೆಯೊಳಗೆ ಕಾಲಿಡುವಾಗಲೇ ಇವರಿಗೆ ಎಷ್ಟು ವಾರ ಬೇಕಾಗಬಹುದೆಂದು ಮನಸ್ಸಿನಲ್ಲೇ ಅಂದಾಜು ಹಾಕುತ್ತಿದ್ದೆ. ಆ ಜಂಬವನ್ನು ಇಳಿಸಿದವಳು ಭೀಮವ್ವ.

ಭೀಮವ್ವನಿಗೆ ಐವತ್ತೆಂಟು ವರ್ಷ. ಯಾದಗಿರಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗ ಮಲ್ಲಪ್ಪನನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಲಸೂರಿನಲ್ಲಿ ಹೂವು ಮಾರಿದ್ದಳು. ಈಗ ಕೆ.ಆರ್. ಪುರದ ಹತ್ತಿರ ಬಾಡಿಗೆಯ ಒಂದೇ ಕೋಣೆಯಲ್ಲಿ ಮಗ ಸೊಸೆಯ ಜೊತೆ ವಾಸ. ಮಗ ಮಹದೇವಪುರದ ಅಪಾರ್ಟ್‌ಮೆಂಟುಗಳಲ್ಲಿ ಪೇಂಟಿಂಗ್ ಮಾಡುತ್ತಿದ್ದ, ಸೊಸೆ ಅಲ್ಲೇ ಹೌಸ್‌ಕೀಪಿಂಗ್. ಒಂದು ಬೆಳಿಗ್ಗೆ ಭೀಮವ್ವನಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ಪೂರ್ತಿ ನಿಂತಿತು.

ನಮ್ಮ ಭಾಷೆಯಲ್ಲಿ ಇದಕ್ಕೆ ಅಫೇಸಿಯಾ ಎನ್ನುತ್ತೇವೆ. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಾಗ ಮಾತು ಕಟ್ಟುವ ಶಕ್ತಿ ಕುಂದುತ್ತದೆ. ಬುದ್ಧಿ ಹೋಗಿರುವುದಿಲ್ಲ. ಭೀಮವ್ವನಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಹೇಳಲು ಮಾತ್ರ ಆಗುತ್ತಿರಲಿಲ್ಲ. ಒಂದು ದಿನ ಮಗ ಸೊಸೆ ಕೆಲಸಕ್ಕೆ ಹೋಗಿದ್ದಾಗ ಅವಳು ಮೆಲ್ಲಗೆ ಹೊರಗೆ ಬಂದು ದಾರಿ ತಪ್ಪಿದಳು. ಯಾರು ಹೆಸರು ಕೇಳಿದರೂ ಹೇಳಲು ಬರಲಿಲ್ಲ. ಸಂಜೆ ಹೊತ್ತಿಗೆ ಗುರುತಿನವರೊಬ್ಬರು ಕಂಡು ಕರೆತಂದರು. ಆಮೇಲೆ ಮಲ್ಲಪ್ಪ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕತೊಡಗಿದ.

ಇಂಥವರಲ್ಲಿ ನಾವು ಮೊದಲು ಹುಡುಕುವುದು ಆಟೊಮ್ಯಾಟಿಕ್ ಸ್ಪೀಚ್ ಅನ್ನು. ಯೋಚಿಸದೆ ಬಾಯಿಗೆ ಬರುವ ಮಾತು ಅದು: ಎಣಿಕೆ, ವಾರಗಳ ಹೆಸರು, ದೇವರ ನಾಮ. ತಾನಾಗಿ ಮಾತಾಡಲಾಗದವರೂ ಎಷ್ಟೋ ಸಲ ಇವನ್ನು ಸರಾಗವಾಗಿ ಹೇಳುತ್ತಾರೆ. ಆ ಎಳೆ ಹಿಡಿದು ಮುಂದಕ್ಕೆ ಹೋಗಬಹುದು. ಭೀಮವ್ವನಲ್ಲಿ ನನಗೆ ಯಾವ ಎಳೆಯೂ ಸಿಗಲಿಲ್ಲ. ನಾನು ಬೆರಳೆತ್ತಿ "ಒಂದು" ಎಂದರೆ ಅವಳು ತುಟಿ ಬಿಗಿದು ತಲೆಯಾಡಿಸುತ್ತಿದ್ದಳು. ಹನ್ನೊಂದು ಸೆಷನ್ ಹೀಗೇ ಕಳೆದವು.

ಹನ್ನೊಂದನೆಯದು ಗುರುವಾರ. ಅಂದು ಮಲ್ಲಪ್ಪ ನೆಲ ನೋಡುತ್ತಾ ಹೇಳಿದ: "ಶನಿವಾರ ಅವ್ವನ್ನ ಊರಿಗಿ ಬಿಟ್ಟು ಬರ್ತೀನ್ರಿ ಮೇಡಂ, ಮಾಮನ ಮನಿಗಿ. ಹೆತ್ತವ್ವನ್ನ ಒಳಗಿಟ್ಟು ದಿನಾ ಕೀಲಿ ಹಾಕೂದು ನನ್ನ ಕೈಲಿ ಆಗವಲ್ದು."

ಪಕ್ಕದಲ್ಲೇ ಕೂತಿದ್ದ ಭೀಮವ್ವ ಎಡಗೈಯಿಂದ ಅವನ ಅಂಗಿ ಹಿಡಿದು ಜಗ್ಗಿದಳು. ಒಲ್ಲೆ, ಒಲ್ಲೆ ಎಂದು ತಲೆ ಆಡಿಸಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಗಂಟಲಿನಿಂದ ಒಂದು ಸದ್ದೂ ಇಲ್ಲ. ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ ಬದುಕನ್ನು ಬಿಟ್ಟು ತಮ್ಮನ ಮನೆಯ ಮೂಲೆ ಸೇರುವುದು ಅವಳಿಗೆ ಬೇಕಿರಲಿಲ್ಲ. ಫೈಲಿನಲ್ಲಿ 'ನೋ ಪ್ರೋಗ್ರೆಸ್' ಎಂದು ಬರೆದೆ. ಬರೆದ ಕೈಯ ಮೇಲೆ ನನಗೇ ಸಿಟ್ಟು ಬಂತು.

ಕೆಟ್ಟ ದಿನಗಳಿಗೆಂದೇ ನಾನೊಂದು ದಾರಿ ಮಾಡಿಕೊಂಡಿದ್ದೇನೆ. ವಿಮಾನಪುರದ ಮನೆಗೆ ನೇರ ಹೋಗುವುದಿಲ್ಲ. ಮೊದಲು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಸುಲೈಮಾನಿ ಚಹಾ. ಅಂಗಡಿಯ ಚಾಚಾ ನನ್ನ ಮುಖ ನೋಡಿ ಎಷ್ಟು ನಿಂಬೆ ಹಿಂಡಬೇಕೆಂದು ತಾನೇ ತೀರ್ಮಾನಿಸುತ್ತಾನೆ. ಅಂದು ಇಡೀ ಹೋಳನ್ನೇ ಹಿಂಡಿದ. ಅಲ್ಲಿಂದ ಬಸ್ಸು ಹತ್ತಿ ಹಲಸೂರಿನಲ್ಲಿ ಇಳಿದು, ಬೇಕರಿಯಲ್ಲಿ ಬಿಸಿ ದಿಲ್‌ಪಸಂದ್ ಒಂದು ತುಂಡು. ಕೊಬ್ಬರಿ, ಸಕ್ಕರೆ, ಟೂಟಿಫ್ರೂಟಿ ತುಂಬಿದ ಆ ತಿಂಡಿ ವೈದ್ಯರು ನನಗೆ ಬೇಡವೆಂದ ಪಟ್ಟಿಯಲ್ಲಿದೆ. ನಿಂತಲ್ಲೇ ತಿಂದು, ಕೈ ಕೊಡವಿ, ಮುಡಿಯಲು ಹೂವು ಕೊಳ್ಳಲು ಹೋದೆ.

ಹೂವಿನಾಕೆ ತಮಿಳು ಮಾತಾಡುವ ಹೆಂಗಸು. ನನಗಿಂತ ಮುಂಚೆ ಬಂದವರು ಯಾವುದೋ ಸಮಾರಂಭಕ್ಕೆ ಹತ್ತು ಮೊಳ ಮಲ್ಲಿಗೆ ಕೇಳಿದ್ದರು. ಅವಳು ಮಾಲೆಯ ತುದಿಯನ್ನು ಮೊಣಕೈಗೆ ಹಿಡಿದು, ಬೆರಳ ತುದಿಯವರೆಗೆ ಎಳೆದು ಅಳೆಯತೊಡಗಿದಳು. "ಲಾಬಂ. ರೆಂಡು. ಮೂಣು. ನಾಲು."

ಚಿಕ್ಕಂದಿನಿಂದ ಕೇಳಿದ ಎಣಿಕೆ ಅದು. ಅಂದು ಮಾತ್ರ ಕಿವಿ ನಿಮಿರಿತು. ಮೊದಲ ಮೊಳಕ್ಕೆ ಅವಳು 'ಒಂದು' ಎನ್ನಲಿಲ್ಲ, 'ಲಾಭ' ಎಂದಳು. ಎಲ್ಲರೂ ಹೀಗೆಯೇ ಎಣಿಸುತ್ತೀರಾ ಎಂದು ಕೇಳಿದೆ. ಅವಳು ತಲೆ ಎತ್ತದೆ ಹೇಳಿದಳು: "ಹೂ ಮಾರೋರೆಲ್ಲಾ ಹಂಗೇ ಅಕ್ಕಾ. ಒಂದು ಅಂತ ಶುರು ಮಾಡಿದ್ರೆ ವ್ಯಾಪಾರ ಒಂದ್ರಲ್ಲೇ ನಿಂತೋಗುತ್ತೆ ಅಂತಾರೆ."

ನಾಲ್ಕು ಮೊಳ ಕೊಂಡು ಮನೆಗೆ ಹೋದೆ. ನಮ್ಮ ಯಜಮಾನರು ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗ ಪರೀಕ್ಷಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ನನ್ನ ಚಪ್ಪಲಿ ಬಿಡುವ ಸದ್ದಿನಲ್ಲೇ ದಿನ ಹೇಗಿತ್ತೆಂದು ತಿಳಿದುಕೊಂಡು ಮೆಣಸಿನ ಸಾರಿಗೆ ಇಡುತ್ತಾರೆ, ಕಾಲಿಗೆ ಬಿಸಿನೀರು ಕಾಯಿಸುತ್ತಾರೆ. ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಅವರಿಗೆ ಎಲ್ಲವನ್ನೂ ಹೇಳಿದೆ. ಅವರ ತಾಯಿಯೂ ಸೇರಿನಲ್ಲಿ ರಾಗಿ ಅಳೆಯುವಾಗ ಲಾಭ, ಎರಡು, ಮೂರು ಎಂದೇ ಎಣಿಸುತ್ತಿದ್ದರಂತೆ. ಇಷ್ಟು ಹೇಳಿ ಸುಮ್ಮನಿರಬಾರದೆ? "ಊರಿಗೆಲ್ಲಾ ಮಾತು ಕಲಿಸ್ತೀಯ. ನಿನಗೆ ಹೂವಿನವಳು ಪಾಠ ಹೇಳ್ಬೇಕಾಯ್ತು ನೋಡು" ಎಂದರು. ಬೇರೆ ದಿನವಾಗಿದ್ದರೆ ಜಗಳವಾಗುತ್ತಿತ್ತು. ಅಂದು ನಕ್ಕುಬಿಟ್ಟೆ. ಸಾರು ಎರಡು ಲೋಟ ಕುಡಿದೆ.

ಆಮೇಲೆ ಮಲ್ಲಪ್ಪನಿಗೆ ಫೋನ್ ಮಾಡಿ ನಾಳೆ ಒಂದೇ ಸಲ ಕರೆದುಕೊಂಡು ಬಾ ಎಂದು ಕೇಳಿಕೊಂಡೆ. ಗಂಟು ಮೂಟೆ ಕಟ್ಟಿ ಆಗಿದೆ ಎಂದ. ಆದರೂ ಒಪ್ಪಿದ.

ಶುಕ್ರವಾರ ನಾನು ಬೆರಳೆತ್ತಲಿಲ್ಲ, ಚಿತ್ರದ ಕಾರ್ಡು ತೆಗೆಯಲಿಲ್ಲ, ಬಾಯಿ ತೆರೆಯಲೂ ಇಲ್ಲ. ಮೇಜಿನ ಮೇಲೆ ಭೀಮವ್ವನ ಸೋತ ಬಲಗೈ ಚಾಚಿಸಿ, ಮೊಣಕೈ ಹತ್ತಿರ ಮಲ್ಲಿಗೆ ಮಾಲೆಯ ತುದಿ ಇಟ್ಟೆ. ಉಳಿದದ್ದನ್ನು ಅವಳ ಎಡಗೈಗೆ ಕೊಟ್ಟೆ. ಅವಳು ಸ್ವಲ್ಪ ಹೊತ್ತು ಹೂವನ್ನೇ ನೋಡಿದಳು. ಗಂಟು ಬಿಗಿಯಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಎಡಗೈ ಮಾಲೆಯನ್ನು ಬಲಗೈಯ ಬೆರಳ ತುದಿಯವರೆಗೆ ಎಳೆಯಿತು.

"ಲಾಭ" ಎಂದಳು.

ಗೊಗ್ಗರು ದನಿ. ತಿಂಗಳುಗಟ್ಟಲೆ ಬಳಸದ ಗಂಟಲು ಅದು. ಮಾಲೆ ಮತ್ತೆ ಮೊಣಕೈಗೆ ಬಂತು, ಬೆರಳಿಗೆ ಹೋಯಿತು. "ಎರಡ." ಮತ್ತೆ ಬಂತು. "ಮೂರ." ನಾಲ್ಕನೆಯ ಮೊಳ ಮುಗಿದಾಗ ಮಾಲೆಯೂ ಮುಗಿಯಿತು. ಅವಳು ಅದನ್ನು ಸುರುಳಿ ಸುತ್ತಿ, ಏನೂ ವಿಶೇಷ ನಡೆದೇ ಇಲ್ಲವೆನ್ನುವಂತೆ ನನ್ನ ಕಡೆ ಚಾಚಿ, "ಮುಡ್ಕೊಳವ್ವ" ಎಂದಳು.

ಎಷ್ಟು ಪುಸ್ತಕ ಓದಿದ್ದೇನೆ, ಎಷ್ಟು ಮೆದುಳಿನ ಸ್ಕ್ಯಾನ್ ನೋಡಿದ್ದೇನೆ. ಆ ಕ್ಷಣದ ಮುಂದೆ ನಾನು ಏನೂ ತಿಳಿಯದವಳು. ನಾಲಿಗೆ ಮರೆತದ್ದನ್ನು ಆ ಮೊಳ ಯಾವ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿತ್ತೋ ಇಂದಿಗೂ ನನಗೆ ಪೂರ್ತಿ ಗೊತ್ತಿಲ್ಲ. ನನ್ನ "ಒಂದು" ಕೇಳಿದಾಗ ಅವಳು ತಲೆಯಾಡಿಸಿದ್ದು ಆಗುವುದಿಲ್ಲ ಎಂದೋ, ಹಾಗಲ್ಲ ಎಂದೋ, ಅದೂ ಗೊತ್ತಿಲ್ಲ. ಭೀಮವ್ವ ತನ್ನ ದನಿಗೆ ತಾನೇ ಬೆರಗಾಗಿ ಬಾಯಿ ಮುಟ್ಟಿ ನೋಡಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಮಲ್ಲಪ್ಪ ಗೋಡೆ ಕಡೆ ತಿರುಗಿದ್ದ. ಈ ಕಡೆ ತಿರುಗದೆಯೇ, "ಟಿಕೀಟು ಕ್ಯಾನ್ಸಲ್ ಮಾಡ್ತೀನ್ರಿ" ಎಂದ.

ಮುಂದಿನದು ಸುಲಭವಾಗಿರಲಿಲ್ಲ. ಎಣಿಕೆ ಬಂದ ಮಾತ್ರಕ್ಕೆ ಹೆಸರು ಬರುವುದಿಲ್ಲ. ಹೂವಿನ ಹೆಸರುಗಳಿಂದ ಶುರು ಮಾಡಿ ಗಿರಾಕಿಗಳ ಜೊತೆಯ ಮಾತಿಗೆ, ಅಲ್ಲಿಂದ ಮನೆಯವರ ಹೆಸರಿಗೆ ಬಂದೆವು. ಪ್ರತಿ ಸಲವೂ ನಾನು ನಿಮ್ಮ ಹೆಸರೇನು ಎಂದು ಕೇಳುವುದು, ಅವಳು ಹೆಣಗುವುದು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಅದೇ ಪ್ರಶ್ನೆಗೆ ಹುಬ್ಬು ಗಂಟಿಕ್ಕಿ, ತಡೆತಡೆದು ಹೇಳಿದಳು: "ಎಷ್ಟ ಸಲ... ಕೇಳ್ತಿ? ಭೀಮವ್ವ."

ಅಂದು ಬೈಸಿಕೊಂಡು ಆದ ಸಂತೋಷವನ್ನು ಇನ್ನಾವ ಹೊಗಳಿಕೆಯೂ ಕೊಟ್ಟಿಲ್ಲ. ಅದರ ಮರುವಾರದಿಂದ ಮಲ್ಲಪ್ಪ ಬೀಗ ಹಾಕುವುದನ್ನು ಬಿಟ್ಟ.

ಈಗ ಹೊಸ ರೋಗಿ ಬಂದರೆ ನಾನು ಮೊದಲು ಹೆಸರು ಕೇಳುವುದಿಲ್ಲ, ಒಂದು ಎರಡು ಹೇಳಿ ಎನ್ನುವುದಿಲ್ಲ. ಕುರ್ಚಿ ಎಳೆದು ಪಕ್ಕ ಕೂತು, ಇಷ್ಟು ವರ್ಷ ಏನು ಕೆಲಸ ಮಾಡಿದಿರಿ, ಅದನ್ನು ಸ್ವಲ್ಪ ಮಾಡಿ ತೋರಿಸಿ ಎನ್ನುತ್ತೇನೆ. ಆಮೇಲೆ ಅವರ ಕೈ ನೋಡುತ್ತಾ ಬಾಯಿ ಮುಚ್ಚಿಕೊಂಡಿರುತ್ತೇನೆ. ಮಾತು ಕಲಿಸುವವಳಿಗೆ ಅದನ್ನು ಕಲಿಯಲು ಇಪ್ಪತ್ತಾರು ವರ್ಷ ಬೇಕಾಯಿತು.