ಊಟಕ್ಕೆ ಮೊದಲು ನುಂಗಿದ ಗುಳಿಗೆ

ಹಟದಲ್ಲಿ ನಮ್ಮ ವೆಂಕಟೇಶ ಮಾಸ್ತರರನ್ನು ಮೀರಿಸುವವರು ಇಡೀ ಇಂಡಿ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ಹೊರ್ತಿಯ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರೇ. ಈಗ ನಾನೂ ಅದೇ ವಿಷಯ ಕಲಿಸುತ್ತೇನೆ. ಇಂಡಿಯಲ್ಲಿ ಅವರ ಎದುರು ಮನೆಯಲ್ಲೇ ಬಾಡಿಗೆಗಿದ್ದೇನೆ.

"ಭಾಗ್ಯಜ್ಯೋತಿ, ಇಡೀ ರೊಟ್ಟಿ ಕರುಳಿನ ಗ್ವಾಡಿ ದಾಟತದೇನು?" ಎಂದು ತರಗತಿಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಕೇಳುತ್ತಿದ್ದರು. ದಾಟುವುದಿಲ್ಲ. ಮೇದೋಜೀರಕ ಗ್ರಂಥಿಯಿಂದ ಸಣ್ಣ ಕರುಳಿಗೆ ರಸ ಇಳಿಯಬೇಕು. ಅದರೊಳಗಿನ ಕಿಣ್ವಗಳು ರೊಟ್ಟಿ, ಬೇಳೆ, ತುಪ್ಪ ಎಲ್ಲವನ್ನೂ ಕಣ್ಣಿಗೆ ಕಾಣದಷ್ಟು ಸಣ್ಣಗೆ ಒಡೆದಾಗಲೇ ಉಂಡದ್ದು ರಕ್ತ ಸೇರುವುದು. ಒಂದೊಂದು ಕಿಣ್ವಕ್ಕೆ ಒಂದೊಂದೇ ಕೆಲಸ. ತುಪ್ಪ ಒಡೆಯುವಂಥದ್ದು ಬೇಳೆಯನ್ನು ಮುಟ್ಟುವುದಿಲ್ಲ. "ನಮ್ಮ ಮನಿ ಮಡಿಗಿಂತ ಕಟ್ಟುನಿಟ್ಟು," ಎಂದು ನಗಿಸುತ್ತಿದ್ದರು.

ಹೋದ ವರ್ಷ ಅವರ ಆ ಗ್ರಂಥಿಯೇ ಕೆಟ್ಟಿತು. ಉಂಡದ್ದು ಹಾಗೆಯೇ ಹೊರಗೆ ಹೋಗತೊಡಗಿತು. ಅರವತ್ತೆಂಟು ಕಿಲೋ ಇದ್ದವರು ನಲವತ್ತಾರಕ್ಕೆ ಇಳಿದರು. ವಿಜಯಪುರದ ಡಾಕ್ಟರು ಕಿಣ್ವದ ಗುಳಿಗೆ ಬರೆದುಕೊಟ್ಟು, ತುತ್ತಿನ ಜೊತೆಗೇ ನುಂಗಬೇಕೆಂದು ಎರಡು ಸಲ ಹೇಳಿದರು. ಜೊತೆಗೆ ಹೋದವಳು ನಾನೇ.

ಮಾಸ್ತರರು ಡಬ್ಬಿಯೊಳಗಿನ ಚೀಟಿಯನ್ನು ಪೂರ್ತಿ ಓದಿದರು. ಓದಬಾರದಿತ್ತು. ಆ ಕಿಣ್ವ ತೆಗೆಯುವುದು ಹಂದಿಯ ಮೇದೋಜೀರಕದಿಂದ.

"ಔಷಧ ಅಂತ ತೊಗೋತೇನಿ," ಎಂದರು ಬಸ್ಸಿನಲ್ಲಿ. "ಆದ್ರ ದೇವರ ನೈವೇದ್ಯದ ಎಲಿ ಮುಂದ ಕೂತು ಅಲ್ಲ. ರಂಗೂಗ ಹೇಳಬ್ಯಾಡ. ಅಕಿ ಅಡಗಿಮನಿ ತೊಳದು ತೊಳದು ಸಾಯ್ತಾಳ. ಆಣಿ ಮಾಡು."

ಅವರ ಹೆಂಡತಿಗೆ ಹೇಳುವುದಿಲ್ಲವೆಂದು ಆಣೆ ಮಾಡಿದೆ. ನನ್ನ ಬುದ್ಧಿಗೆ ಏನು ಬಡಿದಿತ್ತೋ.

ಅಂದಿನಿಂದ ಮೊದಲು ಗುಳಿಗೆ, ಆಮೇಲೆ ಸ್ನಾನ, ಪೂಜೆ, ಎರಡು ತಾಸು ಕಳೆದ ಮೇಲೆ ಊಟ. ಅನ್ನ ಕರುಳಿಗೆ ಇಳಿಯುವ ಹೊತ್ತಿಗೆ ಗುಳಿಗೆ ಮುಂದೆ ಹೋಗಿಬಿಟ್ಟಿರುತ್ತದೆ.

"ಸರ್, ಗುಳಿಗಿ ತುತ್ತಿನ ಕೂಡ ಹೋಗಬೇಕೈತ್ರಿ. ನೀವ ಕಲಿಸೀರಿ."

"ಕಲಿಸೇನಿ. ನನಗ ಗೊತ್ತದ."

"ಗೊತ್ತಿದ್ದೂ ಹಿಂಗ ಮಾಡ್ತೀರಲ್ರಿ."

"ಗೊತ್ತಿರೋದು ಬ್ಯಾರೆ, ಗಂಟಲದಾಗ ಇಳಿಯೋದು ಬ್ಯಾರೆ, ತಂಗಿ."

ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ ಅನ್ನುತ್ತಾರೆ. ಇವರೋ ಆಚಾರಕ್ಕಾಗಿ ಜೀವವನ್ನೇ ಬಿಡಲು ಕೂತ ಗಿರಾಕಿ. ಸಿಟ್ಟು ಬಂದು ನಾಲ್ಕು ದಿನ ಮಾತು ಬಿಟ್ಟೆ. ಐದನೆಯ ದಿನ ಅವರು ಗೋಡೆ ಹಿಡಿದು ನಡೆಯುವುದನ್ನು ಕಂಡು ನಾನೇ ಹೋದೆ.

ಅವರ ಹೆಂಡತಿ ರಂಗೂಬಾಯಿಯವರಿಗೆ ಇದೊಂದೂ ತಿಳಿಯದು. ಗಂಡ ಸೊರಗಿದಷ್ಟೂ ಆ ತಾಯಿ ತುಪ್ಪ ಹೆಚ್ಚು ಸುರಿದರು. ತುಪ್ಪ ಹೆಚ್ಚಿದಷ್ಟೂ ಮಾಸ್ತರರ ಹೊಟ್ಟೆ ಕೆಟ್ಟಿತು. ರಂಗೂಬಾಯಿಯವರ ಅಡಿಗೆಮನೆಯೊಳಗೆ ನಲವತ್ತು ವರ್ಷದಲ್ಲಿ ಹೊರಗಿನವರು ಯಾರೂ ಕಾಲಿಟ್ಟಿಲ್ಲ, ನಾನಂತೂ ಒಲೆಯನ್ನೇ ನೋಡಿಲ್ಲ. ಚಹಾ ಕೊಟ್ಟರೆ ಪಡಸಾಲೆಯಲ್ಲೇ.

ಮೊನ್ನೆ ಭಾನುವಾರ ರಂಗೂಬಾಯಿ ಮಡಿ ಸೀರೆಯಲ್ಲೇ ಬೀದಿ ದಾಟಿ ಬಂದು ನನ್ನ ಅಡಿಗೆಮನೆಯಲ್ಲಿ ನಿಂತರು. ಕೈಯಲ್ಲಿ ಖಾಲಿ ಊಟದ ಡಬ್ಬಿ.

"ಜ್ಯೋತಿ, ನನ್ನ ಕೈಯಾಗ ಏನೋ ಸತ್ತದ. ನಾ ಮಾಡಿದ್ದು ಅವರ ಮೈಗೆ ಹತ್ತವಲ್ದು. ನೀ ಎರಡು ರೊಟ್ಟಿ, ಒಂದೀಟು ಬ್ಯಾಳಿ ಮಾಡಿಕೊಡು. ನಾನ ಮಾಡೇನಿ ಅಂತ ಬಡಸ್ತೇನಿ. ಪಾಪ ನನಗ ಬರ್ಲಿ."

"ತಪ್ಪು ನಿಮ್ಮ ಕೈದಲ್ರಿ, ಬಾಯಾರ."

"ಮತ್ತ ಯಾರದು?"

ಆಣೆ ನಾಲಿಗೆಯನ್ನು ಹಿಡಿದಿತ್ತು. ಬೇಳೆಯಲ್ಲಿ ಗುಳಿಗೆ ಒಡೆದು ಹಾಕಿಬಿಡಲೇ ಅನಿಸಿತು, ಸುಳ್ಳೇಕೆ. ಆದರೆ ಬಿಸಿಯಲ್ಲಿ ಕಿಣ್ವ ಸಾಯುತ್ತದೆ. ಅದನ್ನೂ ಮಾಸ್ತರರೇ ಕಲಿಸಿದ್ದು.

ರಂಗೂಬಾಯಿ ಡಬ್ಬಿ ಹಿಡಿದು ನಿಂತೇ ಇದ್ದರು. ನಾನು ಜೋಳದ ಹಿಟ್ಟು ತೆಗೆದು ನಾದತೊಡಗಿದೆ. ಈ ರೊಟ್ಟಿಯೂ ಮೈಗೆ ಹತ್ತುವುದಿಲ್ಲ ಎಂದು ಅವರಿಗೆ ಹೇಗೆ ಹೇಳಲಿ.