ಬಾಯಮ್ಮನ ಬಲಗೈ

ಮೊನ್ನೆ ಕಪಾಟಿನ ಅಡಿಯಲ್ಲಿ ಬಿಸ್ಕತ್ತಿನ ಹಳೇ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಮೆಷಿನ್ ಎಣ್ಣೆಯ ವಾಸನೆ, ಒಳಗೆ ತುಕ್ಕು ಹಿಡಿದ ಸೂಜಿಗಳು. ಮಂಗಳೂರಿನ ಬಿಜೈಯಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಬಾಯಮ್ಮ ನೆನಪಾದರು...

ಅರುವತ್ತನೇ ಇಸವಿಯ ಆಸುಪಾಸಿನ ಮಾತು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೀನಿನ ಬುಟ್ಟಿ ಹೊರುವುದು ತನ್ನೊಟ್ಟಿಗೇ ಮುಗಿಯಲಿ ಎಂದು ಅಮ್ಮ ನನ್ನನ್ನು ಹೊಲಿಗೆಗೆ ಸೇರಿಸಿದರು. ಬಾಯಮ್ಮನ ಕೈಗಳು ಮಡಿಲಲ್ಲಿದ್ದಾಗ ಸುಮ್ಮನಿರುತ್ತಿದ್ದವು. ಏನಾದರೂ ಹಿಡಿದರೆ ಸಾಕು, ಎರಡೂ ನಡುಗುತ್ತಿದ್ದವು. ಚಹಾ ಅರ್ಧ ಸಾಸರಿಗೆ. ಬಟ್ಟೆಯ ಮೇಲಿನ ಗೆರೆ ಹಾವು ಹರಿದ ಹಾಗೆ. ಬೆಳಿಗ್ಗೆ ಹತ್ತು ಸೂಜಿಗೆ ನೂಲು ಹಾಕಿ ದಿಂಬಿಗೆ ಚುಚ್ಚಿಡುವುದು ನನ್ನ ಕೆಲಸ.

ಒಂದು ಮದುವೆಯಲ್ಲಿ ಎರಡು ಗುಟುಕು ವೈನ್ ಕುಡಿದ ಮೇಲೆ ಅವರ ಕೈಯ ನಡುಕ ಸ್ವಲ್ಪ ಹೊತ್ತು ನಿಂತದ್ದನ್ನು ಯಾರೋ ನೋಡಿದರು. ಆಮೇಲೆ ಕೇಳಬೇಕೇ? ಕುಡುಕಿ, ಕುಡಿಯದಿದ್ದರೆ ನಡುಗುತ್ತಾಳೆ ಎಂದರು. ನಾನೂ ನಂಬಿದೆ. ಮದುವೆಯ ಬಟ್ಟೆ ಹೊಲಿಯಲು ಕೊಡುವವರು ನಿಲ್ಲಿಸಿದರು, ಕಲಿಯಲು ಬರುತ್ತಿದ್ದ ಹುಡುಗಿಯರು ಬಿಟ್ಟರು. ಉಳಿದವರು ನಾವು ಮೂವರು.

ಮದ್ರಾಸಿನಲ್ಲಿದ್ದ ಬಾಯಮ್ಮನ ತಮ್ಮ ಅವರನ್ನು ಅಲ್ಲಿಯ ದೊಡ್ಡ ಡಾಕ್ಟರಿಗೆ ತೋರಿಸಿದ. ಇದು ಕುಡಿತದ್ದಲ್ಲ, ಮೆದುಳಿನದ್ದು, ತಲೆಗೆ ತೂತು ಕೊರೆದು ಒಳಗೆ ಚುಕ್ಕೆಯಷ್ಟು ಜಾಗ ಸುಟ್ಟರೆ ನಿಲ್ಲಬಹುದು ಎಂದರಂತೆ. ಜೀವಕ್ಕೆ ಖಾತ್ರಿ ಇಲ್ಲ. ಅದೂ ಒಂದೇ ಕೈಯದ್ದು; ಮೆದುಳಿನ ಎರಡೂ ಬದಿ ಮುಟ್ಟಿದರೆ ಮಾತು ಹೋದೀತು. ಬಾಯಮ್ಮ ಬಲಗೈ ಕೇಳಿದರು.

ಎಚ್ಚರದಲ್ಲೇ ಇಟ್ಟು ಮಾಡಿದರಂತೆ. ತಲೆಗೆ ಕಬ್ಬಿಣದ ಚೌಕಟ್ಟು ಬಿಗಿದು, ಕೊರೆದು, ತಂತಿ ಇಳಿಸಿ, ಕೈ ಎತ್ತಿ ಎಂದರು. ನಡುಗಿತು. ಸ್ವಲ್ಪ ಸುಟ್ಟು ಪುನಃ ಎತ್ತಿ ಎಂದರು. ಎತ್ತಿದ ಕೈ ಹಾಗೆಯೇ ನಿಂತಿತು...

“ಅದು ನನ್ನ ಕೈ ಅಂತ ನನಗೇ ಗೊತ್ತಾಗ್ಲಿಲ್ಲ ಮಾರಾಯ್ತಿ,” ಎಂದರು ನನಗೆ.

ದೈವ ಮೈಮೇಲೆ ಬರುವುದನ್ನು ಎಷ್ಟೋ ಸಲ ನೋಡಿದವಳು ನಾನು. ಇಂಥದ್ದು ಕೇಳಿರಲಿಲ್ಲ.

ಬೋಳು ತಲೆಗೆ ಸೆರಗು ಹೊದ್ದು ಅವರು ಕ್ಲಾಸಿಗೆ ಬಂದ ದಿನ ನಾನು ಎಂದಿನಂತೆ ಹತ್ತು ಸೂಜಿಗೂ ನೂಲು ಹಾಕಿಟ್ಟಿದ್ದೆ. ಅವರು ಒಂದೊಂದರದ್ದೂ ಎಳೆದು ತೆಗೆದರು. ಅವರನ್ನು ಕುಡುಕಿ ಎಂದು ನಾನೂ ನಂಬಿದ್ದು ಗೊತ್ತಾಯಿತೋ ಏನೋ ಎಂದು ಹೆದರಿದೆ.

“ಸೂಜಿ ನೀನು ಹಿಡಿ. ನೂಲು ನಾನು ಹಾಕ್ತೇನೆ.”

ಎಡಗೈಯನ್ನು ಮಡಿಲಲ್ಲಿಟ್ಟು, ನೂಲಿನ ತುದಿ ನಾಲಗೆಗೆ ತಾಗಿಸಿ, ಒಂದೇ ಸಲಕ್ಕೆ ಹಾಕಿದರು. ಹತ್ತಕ್ಕೂ.

ಅವರು ತೀರಿ ಎಷ್ಟೋ ವರ್ಷವಾಯಿತು. ಎಡಗೈ ಕೊನೆಯವರೆಗೂ ನಡುಗುತ್ತಲೇ ಇತ್ತು. ಊರಿನವರ ಮಾತನ್ನು ನಾನೂ ನಂಬಿದ್ದೆ ಎಂದು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಈಗ ನನಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಸೊಸೆ ನೂಲು ಹಾಕಿಕೊಡುತ್ತೇನೆ ಎಂದಳು. ಬೇಡ, ನೀನು ಸೂಜಿ ಹಿಡಿ ಎಂದೆ. ನೂಲಿನ ತುದಿ ನಾಲಗೆಗೆ ತಾಗಿಸಿ ಆರು ಸಲ ಹಾಕಿ ನೋಡಿದೆ. ಹೋಗಲಿಲ್ಲ...